ಅಮ್ಮನ ಟಿಎಸ್‌ಎಚ್ ಯಾಕೆ ಇಳೀತಿಲ್ಲ? ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಎರಡೂ ತಗೊಳ್ಳೋರು ದಯವಿಟ್ಟು ಓದಿ

ಸಂಪಿಗೆಮರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದರೂ ಪೂರ್ತಿ ಬರೀತೀನಿ. ಇನ್ನೊಬ್ಬರ ಮನೇಲಿ ಇದೇ ನಡೀತಿದ್ದರೆ ಗೊತ್ತಾಗಲಿ.

ಅಮ್ಮನಿಗೆ 61 ವರ್ಷ. ಹತ್ತು ವರ್ಷದಿಂದ ಥೈರಾಯ್ಡ್ ಕಮ್ಮಿ ಇದೆ, 75 ಮೈಕ್ರೋಗ್ರಾಂ ಲಿವೊಥೈರಾಕ್ಸಿನ್ ಮಾತ್ರೆ. ಯಾವಾಗ ಪರೀಕ್ಷೆ ಮಾಡಿಸಿದರೂ ಟಿಎಸ್‌ಎಚ್ 2, 3ರ ಆಸುಪಾಸಿನಲ್ಲೇ ಇರ್ತಿತ್ತು. (ಟಿಎಸ್‌ಎಚ್ ಅಂದರೆ ರಕ್ತಪರೀಕ್ಷೆಯಲ್ಲಿ ನೋಡೋ ಹಾರ್ಮೋನು. ಮೈಗೆ ಥೈರಾಯ್ಡ್ ಸಾಲದಿದ್ದರೆ ಅದು ಏರುತ್ತೆ, ಜಾಸ್ತಿಯಾದರೆ ಇಳಿಯುತ್ತೆ.) ಹೋದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರೀತು. ಮೂಳೆ ಡಾಕ್ಟರು ಕ್ಯಾಲ್ಸಿಯಂ ಮತ್ತು ನೋವಿನ ಮಾತ್ರೆ ಬರೆದರು. ನೋವಿನ ಮಾತ್ರೆಯಿಂದ ಹೊಟ್ಟೆ ಉರಿ ಶುರುವಾಯ್ತು, ಅದಕ್ಕೆ ಇನ್ನೊಬ್ಬರು ಪ್ಯಾಂಟೊಪ್ರಜೋಲ್ ಕೊಟ್ಟರು. ನಾಲ್ಕು ತಿಂಗಳಾದ ಮೇಲೆ ನೋಡಿದರೆ ಟಿಎಸ್‌ಎಚ್ 9.6. ಡೋಸ್ 100ಕ್ಕೆ ಏರಿತು. ಮುಂದಿನ ಸಲ 11.8. ಈಗ 125.

ಹೊಸ ಡೋಸ್‌ನಲ್ಲೂ ಅಮ್ಮ ಸೊರಗಿಯೇ ಇದ್ದಾರೆ. ಬೇಸಿಗೆಯಲ್ಲೂ ಶಾಲು ಹೊದ್ದು ಕೂತಿರ್ತಾರೆ. ಮುಖ ಊದಿಕೊಂಡಿದೆ, ಮಾತು ನಿಧಾನ ಆಗಿದೆ. ಡಾಕ್ಟರು "ಮಾತ್ರೆ ತಪ್ಪಿಸ್ತಿದ್ದೀರಾ?" ಅಂತ ಕೇಳಿದಾಗ ಅಮ್ಮನ ಕಣ್ಣಲ್ಲಿ ನೀರು ಬಂತು. ಹತ್ತು ವರ್ಷದಲ್ಲಿ ಒಂದು ದಿನ ತಪ್ಪಿಸಿದವರಲ್ಲ ಅವರು.

ಈ ವಾರ ರಜ ಹಾಕಿ ಊರಿಗೆ ಬಂದಿದ್ದೀನಿ. ನಿನ್ನೆ ಬೆಳಿಗ್ಗೆ ಆರು ಗಂಟೆಗೆ ಅಡುಗೆಮನೇಲಿ ಕಂಡದ್ದನ್ನು ಹೇಳ್ತೀನಿ. ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳೀತಾ ಇತ್ತು. ಪಕ್ಕದಲ್ಲಿ ಪುಟ್ಟ ಸ್ಟೀಲ್ ಬಟ್ಟಲು, ಅದರಲ್ಲಿ ಮೂರು ಮಾತ್ರೆ. ಸಾಸಿವೆಗಿಂತ ಚೂರು ದೊಡ್ಡದು ಅನ್ನೋ ಹಾಗೆ ಥೈರಾಯ್ಡ್ ಮಾತ್ರೆ, ಹಳದಿ ಗ್ಯಾಸ್ಟ್ರಿಕ್ ಮಾತ್ರೆ, ಬೆರಳಿನ ಗೆಣ್ಣಷ್ಟು ಉದ್ದದ ಕ್ಯಾಲ್ಸಿಯಂ. ಮೂರನ್ನೂ ಅಂಗೈಗೆ ಸುರಿದುಕೊಂಡು ಒಂದೇ ಗುಟುಕಿಗೆ ನುಂಗಿದರು. ಐದು ನಿಮಿಷಕ್ಕೆ ಕಾಫಿ. ಯಾಕಮ್ಮ ಹೀಗೆ ಅಂದರೆ, "ಒಬ್ರು ಖಾಲಿ ಹೊಟ್ಟೇಲಿ ಅಂದ್ರು, ಇನ್ನೊಬ್ರೂ ಖಾಲಿ ಹೊಟ್ಟೇಲಿ ಅಂದ್ರು. ಕ್ಯಾಲ್ಸಿಯಂ ಮರೆತುಹೋಗುತ್ತೆ ಅಂತ ಅದನ್ನೂ ಸೇರಿಸಿಕೊಂಡೆ" ಅಂದರು.

ಮೂರು ಚೀಟಿ, ಮೂವರು ಡಾಕ್ಟರು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇಲ್ಲ, ನನ್ನನ್ನೂ ಸೇರಿಸಿ. ಒಂದು ಮಾತ್ರೆ ಇನ್ನೊಂದನ್ನು ತಡೆಯುತ್ತಾ? ತಿಳಿದವರು ಹೇಳಿ.

ಗುಳಿಗೆಅಂಗಡಿ:

ಅಕ್ಕಾರ, ನಿಮ್ಮ ತಾಯಿಯವರ ತಪ್ಪಿಲ್ರಿ. ಅಂಗಡ್ಯಾಗ ನಿಂತು 22 ವರ್ಷ ಆತು ನಂಗ, ಇಂಥಾ ಮನಿ ಎಷ್ಟ್ ನೋಡೀನೋ.

ಕ್ಯಾಲ್ಸಿಯಂ ಏನ್ ಮಾಡತೈತಿ ಅಂದ್ರ, ಹೊಟ್ಟ್ಯಾಗ ಥೈರಾಯ್ಡ್ ಗುಳಿಗಿನ ಹಿಡಕೊಂಡ ಬಿಡತೈತಿ. ಎರಡೂ ಅಂಟಿಕೊಂಡ್ವು ಅಂದ್ರ ಕರಳಿನ ಗ್ವಾಡಿ ದಾಟಿ ರಕ್ತಕ್ಕ ಹೋಗಂಗಿಲ್ಲ, ಹಂಗ ಹೊರಗ ಹೋಗತಾವು. ಕಬ್ಬಿಣದ ಗುಳಿಗಿನೂ ಇದನ್ನ ಮಾಡತೈತಿ. ಅಲ್ಯೂಮಿನಿಯಂ ಇರೋ ಆಸಿಡಿಟಿ ಔಷಧಾನೂ ಹಂಗ. ಹುಣ್ಣಿಗೆ ಕೊಡೋ ಸುಕ್ರಾಲ್ಫೇಟ್ ಸಿರಪ್ಪೂ ಅಷ್ಟ. ಬಾಯಿಗೆ ಹಾಕ್ಕೊಂಡಿದ್ದು 125, ರಕ್ತಕ್ಕ ಮುಟ್ಟಿದ್ದು ಎಷ್ಟೋ.

ಥೈರಾಯ್ಡ್ ಗುಳಿಗಿಗೂ ಕ್ಯಾಲ್ಸಿಯಂಗೂ ನಡುವ ನಾಕ್ ತಾಸ್ ಬಿಡ್ರಿ. ನಾ ಸ್ಟ್ರಿಪ್ ಮ್ಯಾಲೆ ಪೆನ್ನಿಲೆ "ಮಧ್ಯಾಹ್ನ ಊಟದ ಜೋಡಿ" ಅಂತ ಬರದ ಕೊಡತೀನಿ. ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ರ ಊಟದ ಜೋಡಿನ ಚಲೋ, ಅದು ಮೈಗೆ ಹತ್ತಾಕ ಹೊಟ್ಟಿ ಆಮ್ಲ ಬೇಕು.

ಡ್ಯೂಟಿಡಾಕ್ಟರ್:

ಮೇಲಿನವರು ಹೇಳಿದ್ದು ಸರಿ. ಅಮ್ಮನ ಬಟ್ಟಲಿನಲ್ಲಿ ತಡೆ ಒಂದೇ ಇರಲಿಲ್ಲ, ಮೂರಿದ್ದವು. ಮೂರೂ ಬೇರೆ ಬೇರೆ ಬಗೆಯವು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲನೆಯದು ಕ್ಯಾಲ್ಸಿಯಂ, ಅದು ಕಟ್ಟಿಹಾಕೋದು. ಇದನ್ನು ಅಮೆರಿಕದಲ್ಲಿ ನೇರವಾಗಿ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ್ದಾರೆ. ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದ 20 ಜನರಿಗೆ ಅದರ ಜೊತೆಯಲ್ಲೇ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಮೂರು ತಿಂಗಳು ಕೊಟ್ಟರು. ಸರಾಸರಿ ಟಿಎಸ್‌ಎಚ್ 1.6ರಿಂದ 2.7ಕ್ಕೆ ಏರಿತು. ಕ್ಯಾಲ್ಸಿಯಂ ನಿಲ್ಲಿಸಿದ ಮೇಲೆ 1.4ಕ್ಕೆ ಇಳಿಯಿತು. ಕಬ್ಬಿಣದ್ದು ಇನ್ನೂ ಜೋರು. 1992ರ ಅಧ್ಯಯನವೊಂದರಲ್ಲಿ 14 ಜನರಿಗೆ ಫೆರಸ್ ಸಲ್ಫೇಟ್ ಜೊತೆಗೆ ಕೊಟ್ಟಾಗ 12 ವಾರದಲ್ಲಿ 1.6 ಇದ್ದದ್ದು 5.4 ಆಯಿತು. ಇವು ಸರಾಸರಿ ಲೆಕ್ಕ. ಕೆಲವರಲ್ಲಿ ಏನೂ ಆಗಲ್ಲ, ಕೆಲವರಲ್ಲಿ ಬಹಳ ಏರುತ್ತೆ.

ಎರಡನೆಯದು ಪ್ಯಾಂಟೊಪ್ರಜೋಲ್. ಇದು ಯಾವುದನ್ನೂ ಕಟ್ಟಿಹಾಕಲ್ಲ. ಹೊಟ್ಟೆಯ ಆಮ್ಲವನ್ನೇ ಕಡಿಮೆ ಮಾಡುತ್ತೆ. ಥೈರಾಯ್ಡ್ ಮಾತ್ರೆ ಚೆನ್ನಾಗಿ ಕರಗೋಕೆ ಆ ಆಮ್ಲ ಬೇಕು. ಇಲ್ಲಿ ಒಂದು ವಿಷಯ ಗಮನಿಸಿ: ನಾಲ್ಕು ಗಂಟೆ ಅಂತರ ಕೊಟ್ಟರೂ ಇದು ಸರಿಹೋಗಲ್ಲ. ಒಂದು ಮಾತ್ರೆ ನುಂಗಿದರೆ ಆಮ್ಲ ಇಡೀ ದಿನ ಕಡಿಮೆಯೇ ಇರುತ್ತೆ. ಹಾಗಾಗಿ ಪ್ಯಾಂಟೊಪ್ರಜೋಲ್ ನಿಜಕ್ಕೂ ಇನ್ನೂ ಬೇಕಾ ಅಂತ ಬರೆದವರನ್ನೇ ಕೇಳಿ. ಬೇಕು ಅಂದರೆ ತಗೊಳ್ಳಲಿ, ಟಿಎಸ್‌ಎಚ್ ನೋಡಿಕೊಂಡು ಡೋಸ್ ಹೊಂದಿಸಬಹುದು.

ಮೂರನೆಯದು ಕಾಫಿ. 2008ರಲ್ಲಿ ಇಟಲಿಯವರು ಇದನ್ನು ತೋರಿಸಿದರು. ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿದರೆ ರಕ್ತಕ್ಕೆ ಸೇರೋದು ಕಡಿಮೆಯಾಗುತ್ತೆ. ನಮ್ಮ ಫಿಲ್ಟರ್ ಕಾಫಿಯಲ್ಲಿ ಹಾಲೂ ಇರುತ್ತೆ, ಅದರಲ್ಲಿ ಕ್ಯಾಲ್ಸಿಯಂ. ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಡಿ.

ಈಗ ಮುಖ್ಯ ಮಾತು. 125 ಅನ್ನೋ ಡೋಸ್ ಈ ಮೂರು ತಡೆಗಳ ನಡುವೆ ಏರಿಸಿದ್ದು. ನಾಳೆಯಿಂದ ತಡೆಗಳನ್ನೆಲ್ಲ ತೆಗೆದುಬಿಟ್ಟರೆ ಅದೇ 125 ಅಮ್ಮನಿಗೆ ಹೆಚ್ಚಾಗಬಹುದು. ಎದೆ ಡವಗುಟ್ಟೋದು, ಕೈ ನಡುಗೋದು, ನಿದ್ದೆ ಬಾರದಿರೋದು ಕಂಡರೆ ಕಾಯಬೇಡಿ. ಸಮಯ ಬದಲಿಸುವ ಮೊದಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು ಒಂದು ವಾರ ಬೇಕು. ಆದ್ದರಿಂದ ಆರರಿಂದ ಎಂಟು ವಾರ ಆದ ಮೇಲೆ ಮಾಡಿಸಿದ ಟಿಎಸ್‌ಎಚ್ ಮಾತ್ರ ನಂಬಬಹುದು.

ಬೆಳಗಿನಕಾಫಿ:

ನನಗೊಂದು ಅನುಮಾನ. 12 ವರ್ಷದಿಂದ ನಾನು ಥೈರಾಯ್ಡ್ ಮಾತ್ರೆ ನುಂಗಿ ಹತ್ತೇ ನಿಮಿಷಕ್ಕೆ ಕಾಫಿ ಕುಡೀತಿದ್ದೀನಿ. ಟಿಎಸ್‌ಎಚ್ ಯಾವತ್ತೂ ಸರಿಯಾಗೇ ಬಂದಿದೆ. ಇದನ್ನೆಲ್ಲ ಓದಿ ಈಗ ಭಯ ಆಗ್ತಿದೆ. ನಾಳೆಯಿಂದ ಬದಲಾಯಿಸಬೇಕಾ?

ಡ್ಯೂಟಿಡಾಕ್ಟರ್:

ಬೇಡಿ. ನಿಮ್ಮ ಡೋಸ್ ನಿಮ್ಮ ಕಾಫಿಯನ್ನೂ ಸೇರಿಸಿಕೊಂಡೇ ಹೊಂದಿಕೊಂಡಿದೆ. ದಿನಾ ಒಂದೇ ರೀತಿ ತಗೊಂಡರೆ ದೇಹಕ್ಕೆ ಸಿಗೋದೂ ಹೆಚ್ಚುಕಡಿಮೆ ಒಂದೇ ಪ್ರಮಾಣ. ಒಂದು ವಾರ ಹೀಗೆ, ಇನ್ನೊಂದು ವಾರ ಹಾಗೆ ಮಾಡಿದಾಗ ತೊಂದರೆ. ಹೊಸ ಮಾತ್ರೆ ಸೇರಿಸಿದಾಗ, ಅಥವಾ ಹಳೇದು ನಿಲ್ಲಿಸಿದಾಗ, ಆಗ ಎಚ್ಚರ ಇರಲಿ.

ಕೆಂಪುಮಾತ್ರೆ:

ನಾನು ಹಾಸನ ಜಿಲ್ಲೆಯ ಒಂದು ಹಳ್ಳೀಲಿ ಆಶಾ ಕಾರ್ಯಕರ್ತೆ. ಬಸುರಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಇರೋ ಕೆಂಪು ಮಾತ್ರೆ 180 ದಿನ ಕೊಡ್ತೀವಿ. ನಾಲ್ಕನೇ ತಿಂಗಳಿಂದ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ. ಟ್ರೈನಿಂಗ್‌ನಲ್ಲಿ ಎರಡನ್ನೂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಇರಲಿ ಅಂತ ಹೇಳಿಕೊಟ್ಟಿದ್ದಾರೆ. ಕ್ಯಾಲ್ಸಿಯಂ ಇದ್ದರೆ ಕಬ್ಬಿಣ ಮೈಗೆ ಹತ್ತಲ್ಲ.

ಹೇಳೋದು ಸುಲಭ, ಮನೇಲಿ ನಡೆಯೋದೇ ಬೇರೆ. ಹೋದ ತಿಂಗಳು ಒಂದು ಮನೆಗೆ ಹೋಗಿದ್ದೆ. ಹುಡುಗಿಗೆ ಏಳು ತಿಂಗಳು. ಹಿಮೋಗ್ಲೋಬಿನ್ 8.2ರಿಂದ ಮೇಲಕ್ಕೆ ಏಳ್ತಾನೇ ಇಲ್ಲ. ಮಾತ್ರೆ ತಗೋತಿದ್ದೀಯಾ ಅಂದೆ. ತಗೋತಿದ್ದೀನಕ್ಕ ಅಂದಳು. ತೋರ್ಸು ಅಂದರೆ ಗೋಡೆ ಮೊಳೆಗೆ ನೇತುಹಾಕಿದ ಒಂದು ಪ್ಲಾಸ್ಟಿಕ್ ಕವರ್ ತಂದಳು. ಕೆಂಪು ಸ್ಟ್ರಿಪ್ಪು, ಬಿಳಿ ಸ್ಟ್ರಿಪ್ಪು ಎರಡೂ ಅದರಲ್ಲೇ. ಎರಡರಲ್ಲೂ ಖಾಲಿಯಾದ ಗುಳಿಗಳು ಸರಿಸಮ. ಅಂದರೆ ನಿಜವಾಗಿ ನುಂಗ್ತಿದ್ದಾಳೆ, ಎರಡನ್ನೂ ಒಟ್ಟಿಗೇ. ಅದೂ ರಾತ್ರಿ ಒಂದು ಲೋಟ ಹಾಲಿನ ಜೊತೆ. ಬಸುರಿ ಹಾಲು ಕುಡೀಬೇಕು ಅಂತ ಅತ್ತೆ ಪ್ರೀತಿಯಿಂದ ಕಾಯಿಸಿ ಕೊಡ್ತಿದ್ದರಂತೆ.

ನಾನು ಅತ್ತೇನ ಪಕ್ಕ ಕೂರಿಸಿಕೊಂಡು ಮಾತಾಡಿದೆ. ಕ್ಯಾಲ್ಸಿಯಂ ಅಡುಗೆಮನೇಲಿ ಅನ್ನದ ಪಾತ್ರೆ ಪಕ್ಕ ಇಟ್ಟೆವು. ಬೆಳಗಿನ ತಿಂಡಿಗೊಂದು, ಮಧ್ಯಾಹ್ನದ ಊಟಕ್ಕೊಂದು. ಕೆಂಪು ಮಾತ್ರೆ ಮಲಗೋ ಕೋಣೇಲಿ, ಹಾಸಿಗೆ ಹತ್ತಿರ. ಹಾಲು ಸಂಜೆ ಐದಕ್ಕೆ. ರಾತ್ರಿ ಕೆಂಪು ಮಾತ್ರೆಗೆ ಅರ್ಧ ನಿಂಬೆಹಣ್ಣು ಹಿಂಡಿದ ನೀರು, ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ಓದು ಬರಹ ಇಲ್ಲದವರ ಮನೇಲಿ ಗಂಟೆ ಹೇಳಿದರೆ ಮರೆತುಹೋಗುತ್ತೆ, ಜಾಗ ಬದಲಿಸಿದರೆ ನೆನಪಿರುತ್ತೆ. ಮೊನ್ನೆ ಪರೀಕ್ಷೆ ಮಾಡಿಸಿದಾಗ 9.4 ಬಂದಿತ್ತು.

ಕಡಲತೀರ:

ನಮ್ಮ ಕಡೆ ಮಳೆಗಾಲ ಅಂದ್ರೆ ಇಲಿಜ್ವರದ ಭಯ. ಗದ್ದೆ ಕೆಲಸಕ್ಕೆ ಇಳಿಯುವವರಿಗೆ ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೊಡ್ತಾರೆ. ನನಗೂ ಹೋದ ವರ್ಷ ಜ್ವರಕ್ಕೆ ಅದನ್ನೇ ಕೊಟ್ಟಿದ್ದರು. ಹೊಟ್ಟೆ ಉರೀತದೆ ಅಂತ ನಾನು ಗುಲಾಬಿ ಬಣ್ಣದ ಆಸಿಡಿಟಿ ಸಿರಪ್ ಕುಡಿದು, ಅದರ ಮೇಲೆ ಮಾತ್ರೆ ನುಂಗುತ್ತಿದ್ದೆ. ಅದೂ ತಪ್ಪಾ?

ಗುಳಿಗೆಅಂಗಡಿ:

ತಪ್ಪ್ರಿ. ಆ ಸಿರಪ್ಪಿನ್ಯಾಗ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರತಾವು. ಡಾಕ್ಸಿಸೈಕ್ಲಿನ್ ಅವಕ್ಕ ಅಂಟಿಕೊಂಡ ಬಿಡತೈತಿ. ಥೈರಾಯ್ಡ್‌ದಾಗ ತಿಂಗಳಗಟ್ಲೆ ಟೈಮ್ ಇರತೈತಿ ತಿದ್ದಾಕ. ಜ್ವರದಾಗ ಇರಂಗಿಲ್ಲ. ಐದಾರ ದಿನದ ಔಷಧ, ಅದ ಒಳಗ ಹೋಗಲಿಲ್ಲ ಅಂದ್ರ ಕೀಟಾಣು ಉಳದ ಬಿಡತಾವು.

ಸಿಪ್ರೊಫ್ಲಾಕ್ಸಾಸಿನ್‌ಗಂತೂ ಇನ್ನೂ ಕಟ್ಟುನಿಟ್ಟ, ಅದೂ ಒಂದ್ ಆಂಟಿಬಯಾಟಿಕ್. ಆಂಟಾಸಿಡ್, ಕಬ್ಬಿಣ, ಜಿಂಕ್ ಇರೋ ವಿಟಮಿನ್ ಗುಳಿಗಿ, ಇವು ತಗೊಳ್ಳೋದಿದ್ರ ಸಿಪ್ರೊ ಎರಡ ತಾಸ್ ಮೊದ್ಲ ನುಂಗಬೇಕು, ಇಲ್ಲಾ ಆರ್ ತಾಸ್ ಆದ ಮ್ಯಾಲೆ. ಬರೇ ಹಾಲು, ಮಸರಿನ ಜೋಡಿ ತಗೊಂಡ್ರೂ ಸುಮಾರ ಮೂರನೇ ಒಂದ್ ಪಾಲು ಕಡಿಮಿ ಆಗತೈತಿ ಅಂತ ಲೆಕ್ಕ ಐತಿ. ನಮ್ಮ ಕಡೆ ಆಂಟಿಬಯಾಟಿಕ್ ಜೋಡಿ ಶಕ್ತಿ ಬರಲಿ ಅಂತ ವಿಟಮಿನ್ ಗುಳಿಗಿ ಕೇಳಿ ಒಯ್ಯೋರು ಭಾಳ. ಕೊಡೂ ಮುಂದ ನಾ ಹೇಳತೀನಿ, ಇದನ್ನ ಅದರ ಜೋಡಿ ನುಂಗಬ್ಯಾಡ್ರಿ ಅಂತ.

ಡಾಕ್ಸಿ ನುಂಗಿದ ಮ್ಯಾಲೆ ತುಂಬಿದ ಗ್ಲಾಸ್ ನೀರ ಕುಡೀರಿ. ಕುಡದ ಕೂಡ್ಲೆ ಮಲಗಬ್ಯಾಡ್ರಿ. ಅನ್ನನಾಳದಾಗ ಕುಂತ್ರ ಅಲ್ಲೇ ಸುಡತೈತಿ, ಆ ಉರೀನ ನಿಮಗ ಆಸಿಡಿಟಿ ಅನಿಸಿರಬಹುದು.

ಮುದ್ದೆಸಾರು:

ಇದನ್ನು ಓದ್ತಾ ಇದ್ದಾಗ ನನಗೆ ಅಪ್ಪನ ನೆನಪು ಬಂತು, ಬರೀಲೇಬೇಕು ಅನ್ನಿಸ್ತು. ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ, ಲೆವೊಡೋಪಾ ಮಾತ್ರೆ ಮೇಲೆ ನಡೀತಿದ್ದಾರೆ. ಮಾತ್ರೆ ಕೆಲಸ ಮಾಡ್ತಿರೋವಾಗ ತೋಟ ಸುತ್ತಿ ಬರ್ತಾರೆ. ಇಳಿದಾಗ ಹೊಸಿಲ ಹತ್ತಿರ ಬಂದು ನಿಂತುಬಿಡ್ತಾರೆ, ಕಾಲಿಗೆ ಅಂಟು ಹಾಕಿದ ಹಾಗೆ. ದಾಟಬೇಕು ಅಂತ ಅವರಿಗೆ ಮನಸ್ಸಿದೆ, ಪಾದ ಏಳಲ್ಲ.

ರಕ್ತ ಕಡಿಮೆ ಇದೆ ಅಂತ ಕಬ್ಬಿಣದ ಮಾತ್ರೆ ಶುರು ಮಾಡಿದ ಎರಡನೇ ವಾರದಿಂದ ಮಧ್ಯಾಹ್ನ ಪೂರ್ತಿ ಹೀಗೇ ಆಗೋಕೆ ಶುರುವಾಯ್ತು. ಮುದ್ದೆ ಮುರಿಯೋಕೂ ಬೆರಳು ಬಗ್ಗುತ್ತಿರಲಿಲ್ಲ. ನಾನೇ ತುತ್ತು ಮಾಡಿ ಸಾರಲ್ಲಿ ಅದ್ದಿ ಬಾಯಿಗೆ ಇಡ್ತಿದ್ದೆ. ಕಾಯಿಲೆ ಜಾಸ್ತಿ ಆಯ್ತು ಅಂತಲೇ ಎಲ್ಲರೂ ಅಂದುಕೊಂಡೆವು. ನರರೋಗದ ಡಾಕ್ಟರು ಮಾತ್ರೆ ಪಟ್ಟಿ ನೋಡಿ ಮೊದಲು ಕೇಳಿದ್ದೇ, "ಕಬ್ಬಿಣ ಯಾವಾಗ ಕೊಡ್ತೀರಿ?" ಅಂತ. ಮಧ್ಯಾಹ್ನದ ಲೆವೊಡೋಪಾ ಜೊತೆಗೇ ಕೊಡ್ತಿದ್ದೆವು. ಕಬ್ಬಿಣ ಅದನ್ನೂ ಕಟ್ಟಿಹಾಕುತ್ತಂತೆ. ಜೊತೆಗೆ ಹುರುಳಿಕಾಳಿನ ಬಸ್ಸಾರು. ಕಾಳಿನ ಪ್ರೋಟೀನು ಜೀರ್ಣವಾಗಿ ಬರೋ ಅಮೈನೋ ಆಮ್ಲಗಳೂ ಲೆವೊಡೋಪಾನೂ ಕರುಳಿನಿಂದ ರಕ್ತಕ್ಕೆ ಹೋಗೋಕೆ ಒಂದೇ ಬಾಗಿಲಿಗೆ ನುಗ್ಗುತ್ತವಂತೆ.

ಈಗ ಲೆವೊಡೋಪಾ ಊಟಕ್ಕೆ ಮುಕ್ಕಾಲು ಗಂಟೆ ಮುಂಚೆ. ಕಬ್ಬಿಣ ರಾತ್ರಿ ಮಲಗುವಾಗ, ಅದರ ಹತ್ತಿರ ಬೇರೆ ಯಾವುದೂ ಇಲ್ಲ. ಕಾಳುಸಾರು ರಾತ್ರಿ ಊಟಕ್ಕೆ ಹೋಯ್ತು. ಅಪ್ಪ ಮತ್ತೆ ತಮ್ಮ ಕೈಯಲ್ಲೇ ಮುದ್ದೆ ಮುರೀತಾರೆ. ಕಾಯಿಲೆ ವಾಸಿಯಾಗಿಲ್ಲ, ಗೊತ್ತು. ಆದರೆ ಆ ಒಂದೂವರೆ ತಿಂಗಳು ಅಪ್ಪ ಸುಮ್ಮನೆ ನರಳಿದರಲ್ಲ ಅನ್ನೋದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಬೆಳಗಿನಕಾಫಿ:

ಓದಿ ಕಣ್ಣು ತುಂಬಿ ಬಂತು. ಅಪ್ಪನಿಗೆ ಒಳ್ಳೇದಾಗಲಿ.

ಇನ್ನೊಂದು ಪ್ರಶ್ನೆ. ನಮ್ಮ ಚಿಕ್ಕಪ್ಪನಿಗೆ ಕಿಡ್ನಿ ಕಸಿ ಆಗಿದೆ. ಚಕ್ಕೋತ ತಿನ್ನಬೇಡಿ ಅಂತ ಹೇಳಿದ್ದಾರಂತೆ. ದೇವನಹಳ್ಳಿ ಚಕ್ಕೋತ ಅಂದ್ರೆ ಅವರಿಗೆ ಪ್ರಾಣ. ಅದೂ ಔಷಧಿಯನ್ನು ತಡೆಯುತ್ತಾ?

ಡ್ಯೂಟಿಡಾಕ್ಟರ್:

ತಡೆಯಲ್ಲ, ಉಲ್ಟಾ. ಔಷಧಿ ಬೇಕಾದ್ದಕ್ಕಿಂತ ಹೆಚ್ಚು ಒಳಗೆ ಹೋಗುತ್ತೆ. ನಮ್ಮ ಕರುಳಿನ ಗೋಡೆಯಲ್ಲಿ ಒಂದು ಕಿಣ್ವ ಇದೆ. ಕೆಲವು ಔಷಧಿಗಳ ಒಂದು ಪಾಲನ್ನು ರಕ್ತ ಸೇರುವ ಮೊದಲೇ ಅದು ಒಡೆದುಹಾಕುತ್ತೆ. ಡೋಸ್ ನಿಗದಿಯಾಗಿರೋದು ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ. ಗ್ರೇಪ್‌ಫ್ರೂಟ್ ಆ ಕಿಣ್ವವನ್ನು ಕೆಡಿಸುತ್ತೆ. ಇದು ಗೊತ್ತಾದದ್ದು ಆಕಸ್ಮಿಕವಾಗಿ. ಕೆನಡಾದಲ್ಲಿ ರಕ್ತದೊತ್ತಡದ ಫೆಲೊಡಿಪಿನ್ ಮಾತ್ರೆಯ ಮೇಲೆ ಮದ್ಯದ ಪರಿಣಾಮ ಏನು ಅಂತ ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧಿಯ ಮಟ್ಟ ನೋಡಿದರೆ ನಿರೀಕ್ಷೆಗಿಂತ ಬಹಳ ಮೇಲಿತ್ತು. 1989ರಲ್ಲಿ ವರದಿಯಾಯಿತು.

ಚಕ್ಕೋತ ಅದೇ ಬಳಗದ ಹಣ್ಣು, ಅದೇ ರಾಸಾಯನಿಕಗಳು ಅದರಲ್ಲೂ ಇವೆ. ಕಸಿ ಆದವರು ತಗೊಳ್ಳುವ ಟ್ಯಾಕ್ರೊಲಿಮಸ್, ಸೈಕ್ಲೊಸ್ಪೋರಿನ್ ಮಟ್ಟ ಚಕ್ಕೋತದಿಂದ ಏರಿದ್ದು ವರದಿಯಾಗಿದೆ. ಆ ಔಷಧಿಗಳಲ್ಲಿ ಸ್ವಲ್ಪ ಹೆಚ್ಚಾದರೂ ಕಿಡ್ನಿಗೇ ಪೆಟ್ಟು. ಇಲ್ಲಿ ಅಂತರ ಕೊಟ್ಟರೂ ಪ್ರಯೋಜನವಿಲ್ಲ. ಕೆಟ್ಟ ಕಿಣ್ವದ ಜಾಗಕ್ಕೆ ಹೊಸದು ಬರೋಕೆ ಒಂದೆರಡು ದಿನವೇ ಬೇಕು. ಚಿಕ್ಕಪ್ಪನಿಗೆ ಬೇಸರ ಆಗಬಹುದು, ಆದರೂ ಪೂರ್ತಿ ಬಿಡೋದೇ ಸರಿ.

ಸಂಪಿಗೆಮರ:

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ. ನಾಲ್ಕು ತಿಂಗಳಾದ ಮೇಲೆ ಬರೀತಿದ್ದೀನಿ.

ಮೂರೂ ಚೀಟಿ ಹಿಡಿದು ಥೈರಾಯ್ಡ್ ಡಾಕ್ಟರ ಹತ್ತಿರ ಹೋದೆವು. ಅವರು ಒಂದೇ ಹಾಳೆಯ ಮೇಲೆ ಎಲ್ಲ ಮಾತ್ರೆಗಳನ್ನೂ ಸಮಯದ ಜೊತೆ ಬರೆದುಕೊಟ್ಟರು. ನೋವಿನ ಮಾತ್ರೆ ನಿಂತಿದ್ದರಿಂದ ಪ್ಯಾಂಟೊಪ್ರಜೋಲ್ ಇನ್ನು ಬೇಡ ಅಂದರು. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆಗೆ ಹೋಯ್ತು.

ಉಳಿದದ್ದು ಕಾಫಿ. ಬೆಳಿಗ್ಗೆ ಆರರ ಕಾಫಿ ಬಿಟ್ಟು ಅಮ್ಮ ಬದುಕಿದ್ದೇ ಇಲ್ಲ. ಒಂದು ಗಂಟೆ ಕಾಯಮ್ಮ ಅಂದರೆ ಮಾತೇ ಆಡಲಿಲ್ಲ. ಡಾಕ್ಟರೇ ದಾರಿ ತೋರಿಸಿದರು: ಥೈರಾಯ್ಡ್ ಮಾತ್ರೆಯನ್ನು ರಾತ್ರಿಗೆ ಹಾಕೋಣ, ಊಟ ಆಗಿ ಮೂರು ಗಂಟೆ ಆಗಿರಬೇಕು ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ 2010ರಲ್ಲಿ ಹೀಗೆ ಮಲಗುವಾಗ ಕೊಟ್ಟು ನೋಡಿದ್ದಾರೆ, ಬೆಳಗಿನ ಮಾತ್ರೆಗಿಂತ ಚೆನ್ನಾಗೇ ಕೆಲಸ ಮಾಡಿದೆ ಅಂದರು. ಅಮ್ಮನ ಊಟ ಏಳೂವರೆಗೆ ಮುಗಿಯುತ್ತೆ, ಮಲಗೋದು ಹತ್ತೂವರೆಗೆ. ಸರಿಹೋಯ್ತು.

ಡ್ಯೂಟಿಡಾಕ್ಟರ್ ಎಚ್ಚರಿಸಿದ್ದು ಹಾಗೇ ಆಯ್ತು. ಡೋಸ್ 125ರಲ್ಲೇ ಇಟ್ಟು ನೋಡೋಣ ಅಂದಿದ್ದರು. ಐದನೇ ವಾರ ಅಮ್ಮ ಫೋನ್ ಮಾಡಿ, "ಎದೆ ಹೊಡ್ಕೋತಿದೆ ಕಣೇ, ರಂಗೋಲಿ ಎಳೆ ನೆಟ್ಟಗೆ ಬರ್ತಿಲ್ಲ" ಅಂದರು. ನೀವು ಮೊದಲೇ ಹೇಳಿದ್ದರಿಂದ ಅವತ್ತೇ ರಕ್ತ ಕೊಡಿಸಿದೆ. ಟಿಎಸ್‌ಎಚ್ 0.08. ಡೋಸ್ 88ಕ್ಕೆ ಇಳಿಸಿದರು. ಎಂಟು ವಾರದ ಮೇಲೆ, ಅಂದರೆ ಮೊನ್ನೆ, 2.4. ಶಾಲು ಬೀರುವಿಗೆ ಹೋಗಿದೆ, ಮುಖದ ಊತ ಇಳಿದಿದೆ.

ಮಲೆನಾಡಮಳೆ:

ಇದನ್ನು ಓದಿ ನಮ್ಮ ಅತ್ತೆಗೂ ರಾತ್ರಿಗೆ ಬದಲಿಸಬಹುದಾ ಅಂತ ಯೋಚನೆ ಬಂತು. ಆದರೆ ಅವರು ಮಲಬದ್ಧತೆಗೆ ರಾತ್ರಿ ಇಸಬ್ಗೋಲ್ ಕುಡೀತಾರೆ. ಆಯುರ್ವೇದದ ಶಂಖ ಭಸ್ಮವೂ ಇದೆ, ರಾತ್ರಿ ಊಟ ಆದ ಮೇಲೆ. ಅವು ಔಷಧಿ ಲೆಕ್ಕಕ್ಕೆ ಬರುತ್ತಾ?

ಗುಳಿಗೆಅಂಗಡಿ:

ಬರತಾವ್ರಿ. ಇಸಬ್ಗೋಲ್ ಹೊಟ್ಟ್ಯಾಗ ಉಬ್ಬಿ ಅಂಟಂಟ ಆಗತೈತಿ, ಗುಳಿಗಿ ಅದರಾಗ ಸಿಕ್ಕೊಂಡ ಬಿಡತೈತಿ. ಶಂಖ ಭಸ್ಮ ಅಂದ್ರ ಸುಟ್ಟ ಶಂಖ, ಅದೂ ಕ್ಯಾಲ್ಸಿಯಮ್ಮ. ಲೋಹ ಭಸ್ಮ, ಮಂಡೂರ ಭಸ್ಮ ಅಂದ್ರ ಕಬ್ಬಿಣ. ಡಾಕ್ಟರ ಮುಂದ ಇವನ್ನ ಯಾರೂ ಹೇಳಂಗಿಲ್ಲ, ಅವು ಔಷಧ ಅಂತ ಅನಸಂಗಿಲ್ಲ ಮಂದಿಗೆ.

ನಿಮ್ಮ ಅತ್ತೀಯವರದ್ದು ಬೆಳಿಗ್ಗೇನ ಇರಲಿ. ನಸುಕಿನ್ಯಾಗ ಎದ್ದ ಕೂಡ್ಲೆ ಬರೇ ನೀರಿನ ಜೋಡಿ ಥೈರಾಯ್ಡ್ ಗುಳಿಗಿ, ಒಂದ್ ತಾಸ್ ಬಿಟ್ಟು ಚಾ. ಇಸಬ್ಗೋಲ್, ಭಸ್ಮ ರಾತ್ರಿನ ಇರಲಿ, ಅಷ್ಟೊತ್ತಿಗೆ ಹನ್ನೆರಡ ತಾಸಿನ ಮ್ಯಾಲೆ ಆಗಿರತೈತಿ. ಈಗಿನ ರಿಪೋರ್ಟಿನ್ಯಾಗ ಟಿಎಸ್‌ಎಚ್ ಎಷ್ಟೈತಿ?

ಮಲೆನಾಡಮಳೆ:

3.1. ಹೋದ ತಿಂಗಳದ್ದು. ಬೆಳಿಗ್ಗೆ ಐದೂವರೆಗೆ ನುಂಗ್ತಾರೆ.

ಗುಳಿಗೆಅಂಗಡಿ:

ಹಂಗಾದ್ರ ಏನೂ ಬದಲಾಯಿಸಬ್ಯಾಡ್ರಿ. ಹೆಂಗೈತಿ ಹಂಗ ನಡೀಲಿ. ಮುಂದಿನ ಸಲ ಡಾಕ್ಟರ ಕಡೆ ಹೋದಾಗ ಇಸಬ್ಗೋಲ್ ಡಬ್ಬಿ, ಭಸ್ಮದ ಡಬ್ಬಿ ಎರಡೂ ಚೀಲದಾಗ ಹಾಕ್ಕೊಂಡ ಹೋಗ್ರಿ.